ಮೈಸೂರಿನ ಒಂದು ಪೇನ್ ಕ್ಲಿನಿಕ್: ಚಿಕಿತ್ಸೆ ಚೆನ್ನ, ಪ್ರಶ್ನಾವಳಿ ಮಾತ್ರ ಪರಭಾಷೆಯದು

ದೀರ್ಘಕಾಲದ ನೋವಿಗೆಂದೇ ಮೈಸೂರಿನ ಖಾಸಗಿ ಆಸ್ಪತ್ರೆಯೊಂದು ನಡೆಸುತ್ತಿರುವ ಹೊರರೋಗಿ ವಿಭಾಗಕ್ಕೆ ಕೆಲವು ತಿಂಗಳಿಂದ ನಮ್ಮ ಮನೆಯವರು ಹೋಗಿಬರುತ್ತಿದ್ದೇವೆ. ಜನ ಅದನ್ನು ಪೇನ್ ಕ್ಲಿನಿಕ್ ಎಂದೇ ಕರೆಯುತ್ತಾರೆ. ಅಲ್ಲಿನ ವೈದ್ಯರ ವಿಷಯದಲ್ಲಿ ನನಗೆ ಒಳ್ಳೆಯ ಅಭಿಪ್ರಾಯವಿದೆ. ವೈದ್ಯರ ಕೋಣೆಗೆ ಹೋಗುವ ಮುನ್ನ ರೋಗಿಯ ಕೈಗೆ ಬರುವ ಇಂಗ್ಲಿಷ್ ಪ್ರಶ್ನಾವಳಿಯ ವಿಷಯದಲ್ಲಿ ಆ ಅಭಿಪ್ರಾಯವಿಲ್ಲ. ಈ ಬರಹದ ಬಹುಭಾಗ ಆ ಹಾಳೆಯ ಬಗ್ಗೆ, ಅದರಲ್ಲೂ ಅದರ ಕೊನೆಯಲ್ಲಿ ಕುಳಿತಿರುವ ‘ಎಕ್ಸ್‌ಕ್ರೂಷಿಯೇಟಿಂಗ್’ ಎಂಬ, ತಡೆಯಲಾಗದ ನೋವಿಗೆ ಹೇಳುವ ಪದದ ಬಗ್ಗೆ ಇರುವುದರಿಂದ, ಮತ್ತು ದೂರು ಒಂದು ಪದ್ಧತಿಯ ಮೇಲಿನದೇ ಹೊರತು ಒಂದು ಸಂಸ್ಥೆಯ ಮೇಲಿನದಲ್ಲವಾದ್ದರಿಂದ, ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ.

ಸೌಕರ್ಯಗಳ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ. ನೋಂದಣಿ ಚುರುಕಾಗಿದೆ, ಲಿಫ್ಟ್ ಇದೆ, ಶೌಚಾಲಯ ಶುಚಿಯಾಗಿದೆ, ಕುಡಿಯುವ ನೀರು ಸದಾ ಸಿಗುತ್ತದೆ. ಬೆಳಗಿನ ಹೊತ್ತಿನಲ್ಲಿ ಮಂಡ್ಯ, ಕೆ.ಆರ್. ನಗರ, ನಂಜನಗೂಡು ಕಡೆಗಳಿಂದ ಬಸ್ಸಿನಲ್ಲಿ ಬಂದವರೇ ಹೆಚ್ಚಾಗಿರುವುದರಿಂದ ಕಾಯುವುದು ಅನಿವಾರ್ಯ. ಸೊಂಟನೋವು, ಮಂಡಿನೋವು ಎಂದು ಬಂದವರಿಗೆ ಕೂರಲು ನೆಲಕ್ಕೆ ತಾಗುವಷ್ಟು ತಗ್ಗಾದ ಮೆತ್ತನೆಯ ಸೋಫಾಗಳನ್ನು ಹಾಕಿಸಿದವರು ಯಾರೋ ತಿಳಿಯದು. ಒಮ್ಮೆ ಕೂತ ಹಿರಿಯರನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತದೆ. ಗಟ್ಟಿಯಾದ, ಕೈಯಿರುವ ಕುರ್ಚಿಗಳನ್ನು ಹಾಕಿಸಿದರೆ ಉಪಕಾರವಾದೀತು.

ನಾವು ಹೋದದ್ದು ಚಿಕ್ಕಮ್ಮನಿಗಾಗಿ. ಅವರು ಪಾಂಡವಪುರದ ಸಮೀಪದ ಹಳ್ಳಿಯವರು, ಈಗಲೂ ಗದ್ದೆಯ ಕಳೆ ತೆಗೆಯುವವರು. ಬಲಗಡೆಯ ಪಕ್ಕೆಯ ಮೇಲೆ ಸರ್ಪಸುತ್ತು ಎದ್ದಾಗ ಊರಿನಲ್ಲಿ ಕೆಮ್ಮಣ್ಣು ಹಚ್ಚಿದ್ದರು. ಗುಳ್ಳೆಗಳು ಒಣಗಿ ಹಕ್ಕಳೆ ಉದುರಿದ್ದರಿಂದ ವಾಸಿಯಾಯಿತೆಂದೇ ಎಲ್ಲರೂ ಭಾವಿಸಿದ್ದರು. ಗುಳ್ಳೆ ಹೋಯಿತು, ನೋವು ಹೋಗಲಿಲ್ಲ. ಚಿಕ್ಕಂದಿನಲ್ಲಿ ಬಂದುಹೋದ ಚಿಕನ್‌ಪಾಕ್ಸ್‌ನ ವೈರಾಣು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ಅಡಗಿದ್ದು, ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರದ ದಾರಿ ಹಿಡಿದು ಹೊರಬರುವುದೇ ಸರ್ಪಸುತ್ತು. ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ವೈರಾಣು ನಿಗ್ರಹಿಸುವ ಮಾತ್ರೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ಚರ್ಮ ವಾಸಿಯಾದ ಮೇಲೂ ಆ ನರದ ಗುಂಟ ಮೂರು ತಿಂಗಳಿಗೂ ಮೀರಿ ಉಳಿಯುವ ನೋವನ್ನು ವೈದ್ಯರು ಪೋಸ್ಟ್‌ಹರ್ಪೆಟಿಕ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಈ ಹೆಸರು ನಮಗೆ ತಿಳಿದದ್ದು ಕ್ಲಿನಿಕ್‌ಗೆ ಹೋದ ಮೇಲೆ. ಅಲ್ಲಿಯವರೆಗೆ ಊರಿನ ಔಷಧದಂಗಡಿಯ ನೋವಿನ ಮಾತ್ರೆಗಳೇ ಗತಿಯಾಗಿದ್ದವು, ಅವು ಹೊಟ್ಟೆಯುರಿಯನ್ನು ತಂದವೇ ಹೊರತು ಪಕ್ಕೆಯ ಉರಿಯನ್ನು ತಗ್ಗಿಸಲಿಲ್ಲ.

ಇನ್ನು ಪ್ರಶ್ನಾವಳಿ. ಅದರ ಮೂಲ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯ. ಅಲ್ಲಿನ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್‌ಝಾಕ್ ಅವರು 1965ರಲ್ಲಿ ಪ್ಯಾಟ್ರಿಕ್ ವಾಲ್ ಅವರೊಡನೆ, ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ಬಿಡುವ ಮತ್ತು ತಡೆಯುವ ಒಂದು ಬಾಗಿಲಿನಂಥ ವ್ಯವಸ್ಥೆ ಇದೆಯೆಂಬ ಸಿದ್ಧಾಂತವನ್ನು ಮಂಡಿಸಿ ಪ್ರಸಿದ್ಧರಾದವರು. ಅದೇ ಮೆಲ್‌ಝಾಕ್, ನೋವನ್ನು ‘ಇದೆ’, ‘ಇಲ್ಲ’, ‘ಹೆಚ್ಚು’, ‘ಕಡಿಮೆ’ ಎಂದಷ್ಟೇ ಬರೆದುಕೊಳ್ಳುವುದು ಸಾಲದೆಂದು ಟಾರ್ಗರ್‌ಸನ್ ಎಂಬ ಸಹೋದ್ಯೋಗಿಯೊಂದಿಗೆ ನೋವಿನ ಇಂಗ್ಲಿಷ್ ಪದಗಳನ್ನು ಕಲೆಹಾಕಿ, ಯಾವುದು ಯಾವುದಕ್ಕಿಂತ ತೀವ್ರ ಎಂದು ವೈದ್ಯರು, ರೋಗಿಗಳು ಮತ್ತು ವಿದ್ಯಾರ್ಥಿಗಳಿಂದ ತೂಗಿಸಿ, 1971ರಲ್ಲಿ ಆ ವಿಂಗಡಣೆಯನ್ನು ಪ್ರಕಟಿಸಿದರು. ಅದರ ಮೇಲೆ ಕಟ್ಟಿದ 78 ಪದಗಳ, 20 ಗುಂಪುಗಳ ಮೆಕ್‌ಗಿಲ್ ಪ್ರಶ್ನಾವಳಿ 1975ರಲ್ಲಿ ಬಂದಿತು. 15 ಪದಗಳ ಚಿಕ್ಕ ರೂಪ 1987ರಲ್ಲಿ. ನಮ್ಮ ಕ್ಲಿನಿಕ್ ಬಳಸುವುದು ಈ ಚಿಕ್ಕದನ್ನು.

ಅದರಲ್ಲಿ ಥ್ರಾಬಿಂಗ್, ಶೂಟಿಂಗ್, ಸ್ಟ್ಯಾಬಿಂಗ್, ಕ್ರ್ಯಾಂಪಿಂಗ್, ನಾಯಿಂಗ್, ಏಕಿಂಗ್ ಎಂದು ಪದಗಳ ಸಾಲಿದ್ದು, ಒಂದೊಂದರ ಮುಂದೆ ಸೊನ್ನೆಯಿಂದ ಮೂರರವರೆಗೆ ಗುರುತು ಹಾಕಬೇಕು. ನಾಡಿ ಬಡಿದಂತೆ ಮಿಡಿಯುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯುವುದು, ಇರಿದಂತಾಗುವುದು, ಹಿಂಡಿದಂತಾಗುವುದು, ಒಳಗೊಳಗೇ ಕೊರೆಯುವುದು, ಮಂದವಾಗಿ ನೋಯುತ್ತಲೇ ಇರುವುದು ಎಂಬ ಅರ್ಥಗಳು ಬಲ್ಲವರಿಗೆ ಹೊಳೆಯುತ್ತವೆ. ಸಹಾಯಕಿ ‘ನಾಯಿಂಗ್’ ಎಂದು ಗಟ್ಟಿಯಾಗಿ ಓದಿದಾಗ, ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇಲ್ಲಿ ನಾಯಿ ಕಡಿತಕ್ಕೂ ಔಷಧ ಕೊಡುತ್ತಾರೆಯೇ ಎಂದು ಗಂಭೀರವಾಗಿಯೇ ಕೇಳಿದರು. ನಕ್ಕು ಸುಮ್ಮನಾಗಬಹುದಾದ ಮಾತು ಅದು. ಆದರೆ ಆ ಹಿರಿಯರ ಹಾಳೆಯಲ್ಲೂ ಆ ಪದದ ಮುಂದೆ ಯಾವುದೋ ಒಂದು ಗುರುತು ಬಿದ್ದಿರುತ್ತದೆ, ಯಾರೋ ಅದನ್ನು ನಂಬಿರುತ್ತಾರೆ.

ಹಾಳೆಯ ಕೊನೆಗೆ ಈ ಕ್ಷಣದ ನೋವು ಎಷ್ಟೆಂದು ಕೇಳುವ ಆರು ಮೆಟ್ಟಿಲುಗಳಿವೆ. ನೋವಿಲ್ಲ ಎಂಬುದು ಸೊನ್ನೆ. ಆಮೇಲೆ ಮೈಲ್ಡ್, ಡಿಸ್‌ಕಂಫರ್ಟಿಂಗ್, ಡಿಸ್ಟ್ರೆಸಿಂಗ್, ಹಾರಿಬಲ್. ಐದನೆಯದು, ಅಂದರೆ ತುತ್ತತುದಿಯದು, ಎಕ್ಸ್‌ಕ್ರೂಷಿಯೇಟಿಂಗ್. ಈ ಪದವನ್ನು ಇಂಗ್ಲಿಷ್ ಪತ್ರಿಕೆ ಓದುವ ನಮ್ಮಂಥವರು ಕೂಡ ಓದಿರುತ್ತೇವೆಯೇ ವಿನಾ ಬಾಯಿಬಿಟ್ಟು ಆಡಿರುವುದು ಅಪರೂಪ. ಅದರ ಬೇರು ಲ್ಯಾಟಿನ್ನಿನ ‘ಕ್ರಕ್ಸ್’, ಎಂದರೆ ಶಿಲುಬೆ. ರೋಮನ್ನರು ಅಪರಾಧಿಗಳನ್ನು ಶಿಲುಬೆಗೇರಿಸಿ ಕೊಲ್ಲುತ್ತಿದ್ದ ಶಿಕ್ಷೆಯಿಂದ ‘ಹಿಂಸಿಸು’ ಎಂಬ ಕ್ರಿಯಾಪದ ಹುಟ್ಟಿ, ಅದು ಇಂಗ್ಲಿಷಿಗೆ 16ನೇ ಶತಮಾನದಲ್ಲಿ ಬಂದಿತು. ‘ಕ್ರೂಸಿಫೈ’ ಎಂಬ ಪದ ಇದೇ ಕುಲದ್ದು. ‘ಪೇನ್’ ಎಂಬ ಪದವೇ ದಂಡ, ಶಿಕ್ಷೆ ಎಂಬ ಅರ್ಥದ ಲ್ಯಾಟಿನ್ ‘ಪೀನಾ’ದಿಂದ ಬಂದದ್ದು. ನಮ್ಮಲ್ಲಿ ತಡೆಯಲಾಗದ ನೋವಿಗೆ ಯಮಯಾತನೆ, ನರಕಯಾತನೆ ಎನ್ನುವವರು ಅರಿವಿಲ್ಲದೆಯೇ ಇಂಥದೇ ದಾರಿ ಹಿಡಿದಿದ್ದಾರೆ: ಯಾತನೆ ಎಂದರೆ ಯಮಲೋಕದಲ್ಲಿ ಪಾಪಿಗೆ ಕೊಡುವ ಶಿಕ್ಷೆ. ಆದ್ದರಿಂದ ಎಕ್ಸ್‌ಕ್ರೂಷಿಯೇಟಿಂಗ್ ಎಂಬುದಕ್ಕೆ ಕನ್ನಡದಲ್ಲಿ ಯಾರಾದರೂ ‘ಯಮಯಾತನೆಯ’ ಎಂದು ಬರೆದುಕೊಂಡರೆ ನಾನು ತಪ್ಪೆನ್ನಲಾರೆ. ‘ಅಸಹನೀಯ’ ಎಂಬ ಸಪ್ಪೆ ಪದಕ್ಕಿಂತ ಅದು ಮೇಲು.

ಬಳಕೆಯ ವಿಚಾರದಲ್ಲಿ ಈ ಪದ ಎರಡು ಕಾರಣಗಳಿಂದ ತೊಡಕಿನದು. ಅದು ಆಗಲೇ ತುದಿಯನ್ನು ಮುಟ್ಟಿದ ಪದವಾದ್ದರಿಂದ ಇಂಗ್ಲಿಷ್ ಬಲ್ಲವರು ಅದಕ್ಕೆ ‘ವೆರಿ’ ಸೇರಿಸುವುದಿಲ್ಲ, ‘ಆಬ್ಸಲ್ಯೂಟ್ಲಿ’ ಎಂದು ಬೇಕಾದರೆ ಸೇರಿಸುತ್ತಾರೆ; ಹೀಗಾಗಿ ನೋವು ಸ್ವಲ್ಪ ಇಳಿದಾಗ ‘ಸ್ವಲ್ಪ ಎಕ್ಸ್‌ಕ್ರೂಷಿಯೇಟಿಂಗ್’ ಎನ್ನಲಾಗದು, ಪದವನ್ನೇ ಬದಲಿಸಬೇಕು. ಇನ್ನೊಂದು, ಅದು ಶರೀರವನ್ನು ಬಿಟ್ಟು ಬಹಳ ದೂರ ನಡೆದುಬಿಟ್ಟಿದೆ. ಮೂತ್ರಪಿಂಡದ ಕಲ್ಲಿನ ನೋವಿಗೆ ಬಳಸುವ ಅದೇ ಪದವನ್ನು ಆಂಗ್ಲರು ಮುಗಿಯದ ಭಾಷಣಕ್ಕೆ, ಮುಜುಗರದ ಮೌನಕ್ಕೆ, ಎಳೆಎಳೆಯಾಗಿ ಹೇಳಿ ಬೇಸರ ತರಿಸುವ ವಿವರಣೆಗೆ ಕೂಡ ಬಳಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ಆ ಪದ ನೋವಿನ ಅಳತೆಯನ್ನು ಹೇಳುತ್ತದೆ, ಜಾತಿಯನ್ನು ಹೇಳುವುದಿಲ್ಲ. ಮೆಲ್‌ಝಾಕ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅದು ಹದಿನೈದು ಪದಗಳ ಪಟ್ಟಿಯಲ್ಲಿಲ್ಲ, ಪ್ರತ್ಯೇಕವಾಗಿ ಮೆಟ್ಟಿಲ ತುದಿಯಲ್ಲಿದೆ. ಹಾಳೆಯನ್ನು ಅವಸರದಲ್ಲಿ ತುಂಬಿಸುವ ಕ್ಲಿನಿಕ್‌ಗಳಲ್ಲಿ ಉಳಿಯುವುದು ಮಾತ್ರ ಆ ಮೆಟ್ಟಿಲಿನ ಒಂದು ಅಂಕಿ.

ಚಿಕ್ಕಮ್ಮನ ಹಾಳೆ ತುಂಬಿದ ಬಗೆ ಹೀಗಿತ್ತು. ಸಹಾಯಕಿ ಸೌಜನ್ಯದ ಹುಡುಗಿ, ಅವಳ ಹಿಂದೆ ಸರತಿ ಬೆಳೆಯುತ್ತಿತ್ತು. ಇಂಗ್ಲಿಷ್ ಪದಗಳನ್ನು ಓದಿ ಪ್ರಯೋಜನವಿಲ್ಲವೆಂದು ಅರಿತು, ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದಳು: “ಅಮ್ಮ, ನೋವು ತಡೆಯೋಕೇ ಆಗಲ್ವಾ?” ಚಿಕ್ಕಮ್ಮ, “ತಡೀದೆ ಏನ್ಮಾಡನವ್ವ, ತಡ್ಕಂಡೇ ಇವ್ನಿ” ಎಂದರು. ತಡೆದುಕೊಂಡಿದ್ದಾರೆ ಎಂದಮೇಲೆ ಅಸಹನೀಯವಲ್ಲ ಎಂದಾಯಿತು. ಹುಡುಗಿ ಎರಡನೆಯ ಮೆಟ್ಟಿಲಿಗೆ, ಡಿಸ್‌ಕಂಫರ್ಟಿಂಗ್ ಎಂಬುದಕ್ಕೆ, ಗುರುತು ಹಾಕಿದಳು. ರಾತ್ರಿ ರವಿಕೆ ತೊಡಲಾರದೆ ಎದ್ದು ಕೂರುತ್ತಿದ್ದ ಹೆಂಗಸಿನ ನೋವು ಕಾಗದದ ಮೇಲೆ ‘ಅನನುಕೂಲ’ ಎಂದಾಯಿತು. ಹುಡುಗಿಯ ಕನ್ನಡದಲ್ಲಿ ದೋಷವಿರಲಿಲ್ಲ. ಕಷ್ಟವನ್ನು ಎಷ್ಟೆಂದು ಕೇಳಿದರೆ ತಾನು ಹೇಗೆ ನಿಭಾಯಿಸುತ್ತಿದ್ದೇನೆಂದು ಉತ್ತರಿಸುವುದು ನಮ್ಮ ಕಡೆಯ ಹೆಂಗಸರ ವಾಡಿಕೆ, ಅದಕ್ಕೆ ಆ ಹಾಳೆಯಲ್ಲಿ ಮನೆಯಿಲ್ಲ.

ವೈದ್ಯರ ಕೋಣೆಯಲ್ಲಿ ನಡೆದದ್ದು ಬೇರೆ. ಈ ವಿಭಾಗಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ನಡೆಸುವವರು ಅರಿವಳಿಕೆ ತಜ್ಞರು, ಇವರೂ ಅಂಥವರೇ. ಹಾಳೆಯನ್ನು ನೋಡಿ ಬದಿಗಿಟ್ಟು, “ಅಮ್ಮ, ಅದು ಏನು ಮಾಡುತ್ತೆ ಹೇಳಿ” ಎಂದರು. ಎಷ್ಟಿದೆ ಎಂದಲ್ಲ, ಹೇಗಿದೆ ಎಂದೂ ಅಲ್ಲ, ಏನು ಮಾಡುತ್ತದೆ ಎಂದು. ಚಿಕ್ಕಮ್ಮನ ಮಾತು ಹರಿಯತೊಡಗಿತು: “ಉರೀತದೆ ಕಣಪ್ಪ, ಬೆಂಕಿ ಸುರಿದಂಗೆ. ಒಂದೊಂದ್ಸಲ ಕರೆಂಟ್ ಹೊಡ್ದಂಗೆ ಚುಳುಕ್ ಅಂತದೆ. ಸೆರಗು ತಾಕಿದ್ರೂ ತಡಿಯಕ್ಕಾಗಕ್ಕಿಲ್ಲ. ಅದೇ ಜಾಗ ಒತ್ತಿ ಹಿಡ್ಕಂಡ್ರೆ ವಸಿ ವಾಸಿ.” ವೈದ್ಯರು ಈ ಮಾತುಗಳನ್ನು ಕನ್ನಡದಲ್ಲಿಯೇ ಫೈಲಿನಲ್ಲಿ ಬರೆದುಕೊಂಡರು. ಹತ್ತಿಯ ಎಳೆಯೊಂದನ್ನು ತೆಗೆದುಕೊಂಡು ಎಡಪಕ್ಕೆಗೂ ಬಲಪಕ್ಕೆಗೂ ಮೆಲ್ಲಗೆ ತಾಕಿಸಿದರು. ಎಡಗಡೆ ಏನೂ ಆಗಲಿಲ್ಲ, ಬಲಗಡೆ ಚಿಕ್ಕಮ್ಮ ಬೆಚ್ಚಿಬಿದ್ದರು. ನೋವಾಗಬಾರದ ಸ್ಪರ್ಶಕ್ಕೆ ನೋವಾಗುವ ಈ ಲಕ್ಷಣಕ್ಕೆ ಅಲೋಡಿನಿಯಾ ಎಂದು ಹೆಸರು. ಮುಂದಿನದೆಲ್ಲ ಈ ನಾಲ್ಕು ವಾಕ್ಯಗಳಿಂದಲೇ ತೀರ್ಮಾನವಾಯಿತು.

ಅದು ಹೇಗೆಂಬುದನ್ನು ವೈದ್ಯರು ನನಗೆ ತಾಳ್ಮೆಯಿಂದ ವಿವರಿಸಿದರು. ಪೆಟ್ಟು, ಊತ, ಕೀಲುಸವೆತ ಇವುಗಳ ನೋವು ಸಾಮಾನ್ಯವಾಗಿ ನೋಯುತ್ತದೆ, ಮಿಡಿಯುತ್ತದೆ, ಭಾರವಾಗುತ್ತದೆ. ಅದಕ್ಕೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಕೆಲಸಮಾಡುತ್ತವೆ. ನರವೇ ಕೆಟ್ಟು ಹುಟ್ಟುವ ನೋವು ಉರಿಯುತ್ತದೆ, ಕರೆಂಟ್ ಹೊಡೆದಂತೆ ಹಾಯುತ್ತದೆ, ಜುಮುಗುಡುತ್ತದೆ, ಜೋಮು ಹಿಡಿಸುತ್ತದೆ. ಅದಕ್ಕೆ ಆ ಮಾತ್ರೆಗಳಿಂದ ಹೆಚ್ಚು ಉಪಯೋಗವಿಲ್ಲ, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಮೊದಲಾದ ಬೇರೆ ಗುಂಪಿನ ಔಷಧಗಳು ಬೇಕು. ಹೊಟ್ಟೆಯೊಳಗಿನ ಅಂಗಗಳದ್ದು ಹಿಂಡುತ್ತದೆ, ನುಲಿಯುತ್ತದೆ, ಜಾಗವನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ. ಹೃದಯಕ್ಕೆ ರಕ್ತ ಸಾಲದಾದಾಗ ಅನೇಕರು ನೋವು ಎಂಬ ಮಾತನ್ನೇ ಆಡುವುದಿಲ್ಲ; ಎದೆ ಹಿಡಿದುಕೊಂಡಂತಿದೆ, ಭಾರ ಹೇರಿದಂತಿದೆ ಎನ್ನುತ್ತಾರೆ, ಮತ್ತು ‘ಎಕ್ಸ್‌ಕ್ರೂಷಿಯೇಟಿಂಗ್ ಆಗಿದೆಯೇ’ ಎಂದು ಕೇಳಿದರೆ ಇಲ್ಲವೆನ್ನುತ್ತಾರೆ.

ಕನ್ನಡದಲ್ಲಿ ನೋವಿನ ಮಾತೆಲ್ಲ ಕ್ರಿಯಾಪದದ್ದೇ ಎಂಬುದು ಅಂದು ನನಗೆ ಮೊದಲ ಸಲ ಸ್ಪಷ್ಟವಾಯಿತು. ತಲೆ ಸಿಡಿಯುತ್ತದೆ, ಹೊಟ್ಟೆ ಮುರಿಯುತ್ತದೆ, ಸೊಂಟ ಹಿಡಿಯುತ್ತದೆ, ಮೈಕೈ ಸೆಳೆಯುತ್ತದೆ, ಕಾಲು ಜೋಮುಗಟ್ಟುತ್ತದೆ, ಹಲ್ಲು ಜುಮ್ಮೆನ್ನುತ್ತದೆ. ಪ್ರತಿ ಅಂಗಕ್ಕೂ ತನ್ನದೇ ಕ್ರಿಯೆಯುಂಟು, ಒಂದರದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಹೆರಿಗೆಗೆ ಬೇನೆ, ಹೊಟ್ಟೆಗೆ ಶೂಲೆ ಎಂಬ ಹೆಸರುಗಳೂ ಇವೆ. ಇಂಗ್ಲಿಷ್ ಹಾಳೆ ಇದನ್ನೆಲ್ಲ ವಿಶೇಷಣಗಳ ಪಟ್ಟಿಯಾಗಿ ಕೇಳುವುದರಿಂದ, ಅದನ್ನು ಪದಕ್ಕೆ ಪದವಿಟ್ಟು ಅನುವಾದಿಸಿ ‘ಇರಿಯುವಂಥ ನೋವು, ಕೊರೆಯುವಂಥ ನೋವು, ಸೀಳುವಂಥ ನೋವು’ ಎಂದು ಮುದ್ರಿಸಿದರೂ ಪಾಂಡವಪುರದ ಚಿಕ್ಕಮ್ಮನಿಗೆ ಅದು ತನ್ನ ಮಾತೆನಿಸುವುದಿಲ್ಲ.

ತೀವ್ರತೆಯನ್ನು ಅಳೆಯುವುದರಲ್ಲೂ ವೈದ್ಯರು ಹಾಳೆಯನ್ನು ಬಿಟ್ಟು ನಡೆದರು. ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಚಿಕ್ಕಮ್ಮ ನನ್ನ ಮುಖ ನೋಡಿದರು. “ರೂಪಾಯಿಗೆ ಎಷ್ಟಾಣೆ ನೋವಿದೆ ಅಮ್ಮ” ಎಂದಾಗ ತಡವರಿಸದೆ “ಹನ್ನೆರಡಾಣೆ” ಎಂದರು. 1957ರಲ್ಲಿ ನಯಾಪೈಸೆ ಬಂದು ಆಣೆಯ ಲೆಕ್ಕ ಹೋಯಿತು, ಆದರೆ ಕಾಯಿಲೆ ಎಷ್ಟು ಇಳಿದಿದೆ ಎಂದು ಹೇಳಲು ಮಂಡ್ಯದ ಹಿರಿಯರು ಇಂದಿಗೂ ಅದನ್ನೇ ಬಳಸುತ್ತಾರೆ. ಹದಿನಾರಕ್ಕೆ ಹನ್ನೆರಡು ಎಂದರೆ ಹತ್ತಕ್ಕೆ ಏಳೂವರೆ. ಸಹಾಯಕಿಯ ಹಾಳೆಯಲ್ಲಿದ್ದ ಐದಕ್ಕೆ ಎರಡರ ಪಕ್ಕದಲ್ಲಿ ವೈದ್ಯರು ಏಳೂವರೆ ಎಂದು ಬರೆದು ಸಹಿ ಹಾಕಿದರು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ತನಗೆ ನೋವಿದೆ ಎಂದು ವ್ಯಕ್ತಿ ಹೇಳಿದ್ದನ್ನು ಗೌರವಿಸಬೇಕು ಮತ್ತು ಮಾತು ನೋವನ್ನು ತೋಡಿಕೊಳ್ಳುವ ಹಲವು ಬಗೆಗಳಲ್ಲಿ ಒಂದು ಮಾತ್ರ ಎಂದು ಅದರ ಟಿಪ್ಪಣಿಗಳಲ್ಲಿ ಸೇರಿಸಿದೆ. ಆ ಟಿಪ್ಪಣಿಯನ್ನು ಈ ವೈದ್ಯರು ಪಾಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚಿಕಿತ್ಸೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ, ಏಕೆಂದರೆ ಅದು ಸರಿಯಾಗಿ ನಡೆಯಿತು. ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತಪರೀಕ್ಷೆ ಮಾಡಿಸಿ, ರಾತ್ರಿಯ ಹೊತ್ತು ಪ್ರೀಗ್ಯಾಬಲಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ಕ್ರಮೇಣ ಏರಿಸಿದರು. ತೂಕಡಿಕೆ, ತಲೆಸುತ್ತು ಬರಬಹುದು, ಬಚ್ಚಲಿಗೆ ಹೋಗುವಾಗ ಜೋಪಾನ, ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು ಎಂದು ಎರಡೆರಡು ಸಲ ಹೇಳಿದರು. ಚರ್ಮದ ಮೇಲೆ ಅಂಟಿಸುವ ಲಿಡೊಕೇನ್ ಪಟ್ಟಿಯನ್ನು ಬರೆದುಕೊಟ್ಟಾಗ ಅದರ ಬೆಲೆ ಹೆಚ್ಚೆಂದು ಮೊದಲೇ ತಿಳಿಸಿದರು. ನರದ ಬುಡಕ್ಕೆ ಕೊಡುವ ಚುಚ್ಚುಮದ್ದಿನ ಮಾತು ಬಂದರೂ ಅದಕ್ಕೆ ಅವಸರಪಡಿಸಲಿಲ್ಲ, ಮಾತ್ರೆ ಸಾಲದಿದ್ದರೆ ನೋಡೋಣ ಎಂದರು. ನೋವು ಹನ್ನೆರಡಾಣೆಯಿಂದ ಈಗ ನಾಲ್ಕಾಣೆಗೆ ಇಳಿದಿದೆ. ಚಿಕ್ಕಮ್ಮ ರವಿಕೆ ತೊಟ್ಟು ಮಲಗುತ್ತಾರೆ, ಆದರೆ ಮಳೆಗಾಲದ ನಾಟಿಗೆ ಗದ್ದೆಗಿಳಿಯುವೆನೆಂಬ ಅವರ ಹಟಕ್ಕೆ ವೈದ್ಯರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ಪ್ರಶ್ನಾವಳಿಯ ದೂರನ್ನು ನಾನು ಸಲಹಾಪುಸ್ತಕದಲ್ಲಿ ಬರೆದಿದ್ದೇನೆ. 1916ರಲ್ಲಿ ಆರಂಭವಾದ ವಿಶ್ವವಿದ್ಯಾಲಯವೂ 1969ರಿಂದ ಭಾರತೀಯ ಭಾಷಾ ಸಂಸ್ಥಾನವೂ ಇರುವ ಊರಿನಲ್ಲಿ, ಬಹುಪಾಲು ಕನ್ನಡ ಮಾತ್ರ ಬಲ್ಲ ರೋಗಿಗಳಿಗೆ ಇಂಗ್ಲಿಷ್ ಹಾಳೆ ಕೊಡುವುದಕ್ಕೆ ಜನಬಲದ ಕೊರತೆಯೆಂಬ ನೆಪ ಒಪ್ಪುವಂಥದಲ್ಲ. ನಾನು ಕೇಳಿರುವುದು ಅನುವಾದವನ್ನಲ್ಲ. ಮೆಲ್‌ಝಾಕ್ ಇಂಗ್ಲಿಷ್ ರೋಗಿಗಳ ಪದಗಳಿಗೆ ಮಾಡಿದ ಕೆಲಸವನ್ನು ಇಲ್ಲಿ ಕನ್ನಡ ರೋಗಿಗಳ ಮಾತಿಗೆ ಮಾಡಬೇಕು: ಮಂಡ್ಯ, ಚಾಮರಾಜನಗರ, ಹಾಸನದ ಕಡೆಯವರು ಫೈಲಿನಲ್ಲಿ ಬರೆಸಿರುವ ‘ಉರೀತದೆ’, ‘ಸೆಳೀತದೆ’, ‘ಚುಳುಕ್ ಅಂತದೆ’ ಎಂಬ ಮಾತುಗಳನ್ನು ಕಲೆಹಾಕಿ, ಯಾವುದು ಯಾವ ರೋಗದೊಂದಿಗೆ ಬರುತ್ತದೆಂದು ವಿಂಗಡಿಸಿ, ಅದರಿಂದ ಹಾಳೆಯನ್ನು ಕಟ್ಟಬೇಕು. ಸಾಮಗ್ರಿ ಆಗಲೇ ಆ ವೈದ್ಯರ ಕಪಾಟಿನಲ್ಲಿದೆ. ಆಡಳಿತದವರಿಂದ ಇನ್ನೂ ಉತ್ತರ ಬಂದಿಲ್ಲ.

ನರದ ನೋವು, ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ, ಶಸ್ತ್ರಚಿಕಿತ್ಸೆಯ ನಂತರವೂ ಉಳಿದ ನೋವು ಇರುವವರಿಗೆ ಇಂಥ ಕ್ಲಿನಿಕ್ ಅನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಹೋಗುವಾಗ ಹಳೆಯ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಬಿಸಾಡದೆ ತೆಗೆದುಕೊಂಡು ಹೋಗಬೇಕು, ನೋವು ಯಾವ ಹೊತ್ತಿನಲ್ಲಿ ಏರುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂಬುದನ್ನು ರೋಗಿಯ ಬಾಯಿಂದಲೇ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಜೊತೆಗೆ ಹೋದವರು ಅದನ್ನು ಇಂಗ್ಲಿಷಿಗೆ ತಿರುಗಿಸುವ ಉಪಕಾರ ಮಾಡಬಾರದು. ಹಾಳೆಯ ಮೇಲೆ ತಿಳಿಯದ ಪದವಿದ್ದರೆ ಆ ಜಾಗವನ್ನು ಖಾಲಿ ಬಿಡಿ ಎಂದು ಸಹಾಯಕಿಗೆ ಹೇಳುವ ಹಕ್ಕು ರೋಗಿಗಿದೆ, ನಾವು ಎರಡನೆಯ ಭೇಟಿಯಿಂದ ಹಾಗೆಯೇ ಮಾಡುತ್ತಿದ್ದೇವೆ, ಯಾರೂ ಆಕ್ಷೇಪಿಸಿಲ್ಲ. ಬೆಳಗಿನ ಸರತಿ ದೊಡ್ಡದಾದ್ದರಿಂದ ಊರ ಕಡೆಯಿಂದ ಬರುವವರು ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಸಮಯ ಗೊತ್ತುಮಾಡಿಕೊಂಡರೆ ವೈದ್ಯರು ಹೆಚ್ಚು ಹೊತ್ತು ಮಾತಿಗೆ ಸಿಗುತ್ತಾರೆ.